ಚಾಸಿ ನಂಬರಿನ ಕೊನೆಯ ಮೂರು ಅಂಕಿ

2025ರ ನವೆಂಬರ್ 17, ಸೋಮವಾರ, ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಬಸವಕಲ್ಯಾಣ ನಗರ ಠಾಣೆಗೆ ದೂರು ಬಂತು. ತಂದವರು ಸಾರಿಗೆ ಕಚೇರಿಯ ಮೋಟಾರು ವಾಹನ ನಿರೀಕ್ಷಕಿ ದೀಪಾಲಿ. ಆ ಕಚೇರಿಯಿಂದ ಠಾಣೆಗೆ ಕಾಗದ ಬರುವುದುಂಟು, ಮನುಷ್ಯರು ಬರುವುದು ಅಪರೂಪ. ಈಕೆ ಸ್ಕೂಟಿಯ ಮೇಲೆ ತಾವೇ ಬಂದು, ಹೆಲ್ಮೆಟ್ಟನ್ನೂ ತೆಗೆಯದೆ ಪಿಎಸ್‌ಐ ಧಮ್ಮಪಾಲರ ಮೇಜಿನ ಮೇಲೆ ಎರಡು ಚೀಟಿ ಇಟ್ಟರು.

ಎರಡೂ ಪೆನ್ಸಿಲ್ ಛಾಪುಗಳು. ಗಾಡಿಯ ಚಾಸಿಯ ಮೇಲೆ ಕೊರೆದ ನಂಬರಿಗೆ ತೆಳುವಾದ ಕಾಗದ ಹಚ್ಚಿ ಪೆನ್ಸಿಲ್ ತಿಕ್ಕಿದರೆ ಅಂಕಿಗಳು ಬೆಳ್ಳಗೆ ಮೂಡುತ್ತವೆ. ನೋಂದಣಿಗೆ ಬರುವ ಪ್ರತಿಯೊಂದು ಗಾಡಿಯ ಕಡತದಲ್ಲೂ ಅಂಥದೊಂದು ಚೀಟಿ ಅಂಟಿರುತ್ತದೆ.

"ಇದು ಪುಣೆದಾಗ ಟೆಸ್ಟ್ ಮಾಡಿದಾಗ ತಗದದ್ದು. ಇದು ಇವತ್ತ ಮುಂಜಾನೆ ತಪಾಸಣೆಗಿ ಶೆಡ್ಡಿಗೇ ಹೋಗಿ ನಾ ತಗದದ್ದು. ಮೊದಲಿನ ಹದಿನಾಲ್ಕು ಅಕ್ಷರ ಒಂದೇ ಅದಾವ. ಕೊನೀ ಮೂರು ನೋಡ್ರಿ," ಎಂದರು ದೀಪಾಲಿ.

ಪುಣೆಯ ಛಾಪಿನ ಕೊನೆಯಲ್ಲಿ 503 ಇತ್ತು. ಇವತ್ತಿನದರಲ್ಲಿ 838.

ಗಾಡಿ ಯಾರದೆಂದು ಧಮ್ಮಪಾಲರು ಕೇಳಬೇಕಾಗಿರಲಿಲ್ಲ. ಐದು ದಿನದಿಂದ ಊರಲ್ಲಿ ಅದೇ ಮಾತು. ಆಟೋನಗರದ ಮಿಸ್ತ್ರಿ ಫಿರೋಜ್, ವಯಸ್ಸು ಮೂವತ್ತಾರು, ಹನ್ನೊಂದು ವರ್ಷ ದುಬೈಯಲ್ಲಿ ಎಲೆಕ್ಟ್ರಿಕ್ ಗಾಡಿಗಳ ಕೆಲಸ ಮಾಡಿ ಮರಳಿದವನು. ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರಲೆಂದು ಥಾಯ್ಲೆಂಡಿನಿಂದ ಬಲಗಡೆ ಸ್ಟೇರಿಂಗಿನ ಒಂದು ದೈತ್ಯ ಎಲೆಕ್ಟ್ರಿಕ್ ಪಿಕಪ್ ತರಿಸಿದ್ದ. ತೂಕ ಮೂರೂವರೆ ಟನ್ನಿಗೂ ಹೆಚ್ಚು. ಮುಂಬೈ ಬಂದರಿನ ಕಸ್ಟಮ್ಸ್ ದಾಟಿದ ಮೇಲೆ ಪುಣೆಯಲ್ಲಿ ನಾಲ್ಕು ತಿಂಗಳು ಬ್ರೇಕು, ದೀಪ, ಬ್ಯಾಟರಿ ಎಲ್ಲವನ್ನೂ ಪರೀಕ್ಷಿಸಿ, ಈ ದೇಶದ ರಸ್ತೆಗೆ ಇದು ಆಗುತ್ತದೆ ಎಂದು ಒಪ್ಪಿಗೆ ಪತ್ರ ಕೊಟ್ಟಿದ್ದರು. ಆ ಪತ್ರ ಒಂದೇ ಒಂದು ಗಾಡಿಗೆ, ಅದರ ಹದಿನೇಳು ಅಕ್ಷರಗಳ ನಂಬರಿಗೆ ಮಾತ್ರ. ಒಂದು ಅಕ್ಷರ ಬದಲಾದರೂ ಪತ್ರ ರದ್ದಿ ಕಾಗದ, ಗಾಡಿ ಕಳ್ಳ ಮಾಲು.

ಎಫ್‌ಐಆರ್ ದಾಖಲಾಯಿತು. ಸಂಶಯಿತ ವ್ಯಕ್ತಿ ಎಂಬಲ್ಲಿ ಫಿರೋಜನ ಹೆಸರು ಬಿತ್ತು. ಬೇರೆ ಯಾರ ಹೆಸರು ಬರೆಯಬೇಕಿತ್ತು?

ಮಧ್ಯಾಹ್ನ 2.30ಕ್ಕೆ ಫಿರೋಜನ ಶೆಡ್ಡಿನಲ್ಲಿ ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಮಾಡಿ ಪಿಕಪ್ಪನ್ನು ಜಪ್ತಿ ಮಾಡಲಾಯಿತು. ಮುಂದಿನ ಬಲಚಕ್ರದ ಒಳಬದಿಯಲ್ಲಿ ಮೂರು ಅಂಕಿಗಳಷ್ಟು ಜಾಗವನ್ನು ಗ್ರೈಂಡರಿನಿಂದ ಉಜ್ಜಿ, ಅಂಕಿಯ ಅಚ್ಚಿರುವ ಕೈಪಂಚಿನಿಂದ ಹೊಸದಾಗಿ ಹೊಡೆದಿದ್ದರು. ಮೇಲೆ ಬಳಿದ ಬಣ್ಣಕ್ಕೂ ಹಳೆಯ ಬಣ್ಣಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಕೆಲಸ ಬಲ್ಲ ಕೈ ಅದು.

ಫಿರೋಜ್ ಗೋಡೆಗೆ ಒರಗಿ ನಿಂತಿದ್ದ.

"ಗಾಡಿ ಕಲ್ಯಾಣಕ್ಕ ಯಾವಾಗ ಬಂತು?" ಧಮ್ಮಪಾಲರು ಕೇಳಿದರು.

"ಬುಧವಾರರಿ. ಹನ್ನೆರಡನೇ ತಾರೀಖು, ಮಧ್ಯಾಹ್ನ ಮೂರಕ್ಕ."

"ಅಲ್ಲಿಂದ ಇಲ್ಲೀತನಾ?"

"ಇದೇ ಶೆಡ್ಡಿನ್ಯಾಗ ಅದ ಸಾಬ್."

"ಹೊರಗಿನವರು ಯಾರ್ ಯಾರು ಬಂದಿದ್ರು?"

"ಬುಧವಾರ ಇಡೀ ಆಟೋನಗರ ನೋಡಾಕ ಬಂದಿತ್ರಿ. ಆಮ್ಯಾಲ ಇವತ್ತ ಮ್ಯಾಡಮ್ಮರು ಬರೂತನಾ ಹೊರಗಿನ ನರಪಿಳ್ಳೆನೂ ಒಳಗ ಬಂದಿಲ್ಲ. ನನ್ನ ಮಕ್ಕಳ ಆಣಿ."

"ಮಕ್ಕಳನ್ನ ನಡುವ ತರಬ್ಯಾಡ," ಎಂದರು ಧಮ್ಮಪಾಲರು.

ಜೀಪಿನಲ್ಲಿ ಹೆಡ್ ಕಾನ್‌ಸ್ಟೆಬಲ್ ದತ್ತಾತ್ರಿ ಬಾಯಿ ಬಿಟ್ಟ. ಇಪ್ಪತ್ತೆರಡು ವರ್ಷ ಸರ್ವಿಸು. ಸುಮ್ಮನಿರುವುದೊಂದನ್ನು ಬಿಟ್ಟು ಎಲ್ಲವನ್ನೂ ಕಲಿತವನು. "ಅಲ್ರಿ ಸಾಹೇಬ್ರ, ಕಳ್ಳರು ನಂಬರ್ ಒರಸಿ ಕಾಗದಕ್ಕ ಹೊಂದಸ್ತಾರ. ಇಲ್ಲಿ ಹೊಂದಿದ್ದನ್ನ ಬಿಡಿಸ್ಯಾರ. ತನ್ನ ಮನೀಗಿ ತಾನೇ ಬೆಂಕಿ ಹಚ್ಚಕೊಳ್ಳಾಕ ಫಿರೋಜಗ ಏನು ಹುಚ್ಚೇನ್ರಿ?"

"ಹಂಗಾದ್ರ ಈ ಗಾಡಿ ರಸ್ತೆಗಿ ಇಳೀಬಾರದು ಅನ್ನಾವ ಒಬ್ಬ ಅದಾನ," ಎಂದರು ಧಮ್ಮಪಾಲರು.

ಸಂಜೆ ಮೇಲಧಿಕಾರಿಗಳಿಂದ ಫೋನ್ ಬಂತು. ಗಾಡಿ ಯಾರ ಕಬ್ಜಾದಲ್ಲಿತ್ತೋ ಅವನೇ ಆರೋಪಿ. ಶುಕ್ರವಾರದೊಳಗೆ ಬೇರೆ ಹೆಸರು ಬರದಿದ್ದರೆ ಫಿರೋಜನನ್ನು ಒಳಗೆ ಹಾಕಿ, ಕಸ್ಟಮ್ಸಿಗೆ ಬರೆದುಬಿಡಿ. ಬರೆದರೆ ಪುಣೆಯ ಒಪ್ಪಿಗೆ ರದ್ದು, ಗಾಡಿ ಗುಜರಿಗೆ. ಮರ್ಯಾದೆಯಿಂದ ದುಡಿದ ಹನ್ನೊಂದು ವರ್ಷದ ಮೇಲೆ ಕಳ್ಳಸಾಗಣೆದಾರ ಎಂಬ ಹಣೆಪಟ್ಟಿ. ಧಮ್ಮಪಾಲರು "ಆಯ್ತು ಸರ್" ಎಂದರು.

ಮಂಗಳವಾರ ಬೆಳಿಗ್ಗೆ ಆಟೋನಗರದ ಅಂಗಡಿಗಳನ್ನು ಒಂದೊಂದಾಗಿ ವಿಚಾರಿಸುತ್ತ ಹೋದರು. ಯಾರಿಗೂ ಏನೂ ಗೊತ್ತಿಲ್ಲ. ಫಿರೋಜನ ಶೆಡ್ಡಿನ ಹಿಂದೆಯೇ ಮನೆ ಇರುವ, ಚಹಾದಂಗಡಿಯ ಅತಿಯಾ ಮಾತ್ರ ಕಪ್ಪು-ಬಸಿ ತೊಳೆಯುತ್ತ ತಲೆಯೆತ್ತಿದಳು.

"ಶುಕ್ರವಾರ ಗ್ರೈಂಡರ್ ಕೇಳ್ತು ನೋಡ್ರಿ. ಒಂದೂವರಿ ಸುಮಾರ. ಫಿರೋಜಭಾಯಿ ಶೆಡ್ಡಿನ ಕಡೀಂದ."

"ಆಟೋನಗರದಾಗ ಗ್ರೈಂಡರ್ ದಿನಾ ಕೇಳ್ತದಲ್ಲ?" ದತ್ತಾತ್ರಿ ಕೆಣಕಿದ.

"ಅಯ್ಯ, ಶುಕ್ರವಾರ ಒಂದೂವರಿಗಿ ಇಲ್ಲಿ ಯಾರಿರ್ತಾರ್ರಿ? ಅರ್ಧ ಮಂದಿ ಮಸೀದಿಗಿ, ಅರ್ಧ ಮಂದಿ ಊಟಕ್ಕ. ನಾನೂ ಅಂಗಡಿ ಮುಚ್ಚಿ ಮನ್ಯಾಗ ಅಡ್ಡಾಗಿದ್ದೆ. ಯಾರಪಾ ಇದು ಜುಮ್ಮಾದ ಹೊತ್ತಿನ್ಯಾಗ, ಅಂತ ಬೈಕೊಂಡೆ."

ಫಿರೋಜ್ ಆ ಹೊತ್ತಿಗೆ ಮಸೀದಿಯ ಎರಡನೇ ಸಾಲಿನಲ್ಲಿದ್ದ ಎಂದು ಏಳು ಜನ ಹೇಳಿದರು.

ಮಧ್ಯಾಹ್ನ 4.10ಕ್ಕೆ ದೀಪಾಲಿ ಫೋನ್ ಮಾಡಿದರು. ಹಿಂದಿನ ದಿನದಿಂದ ಆಕೆಗೆ ಆ 8ರದೇ ಚಿಂತೆ. ಛಾಪಿನ ಎರಡೂ ಎಂಟುಗಳಲ್ಲಿ ಕೆಳಗಿನ ಸುತ್ತು ಎಡಗಡೆ ಒಡೆದಿತ್ತು, ಪಂಚು ಹಳೆಯದು. ಅಪಘಾತವಾಗಿ, ತುಕ್ಕು ಹಿಡಿದು ನಂಬರ್ ಅಳಿಸಿದ ಲಾರಿಗಳಿಗೆ ಅನುಮತಿ ಕೊಟ್ಟು ಹೊಸದಾಗಿ ನಂಬರ್ ಹೊಡೆಸುವುದುಂಟು. ಅಂಥ ಹಳೆಯ ಕಡತಗಳನ್ನೆಲ್ಲ ಆಕೆ ಕೆಳಗಿಳಿಸಿ, ಧೂಳು ಕುಡಿದು, ಒಂದೊಂದೇ ಛಾಪು ನೋಡಿದ್ದರು.

"ಹನ್ನೆರಡು ಕಡತದಾಗ ಇದೇ ಒಡದ ಎಂಟು ಅದ ಸರ್. ಹನ್ನೆರಡೂ ಒಂದೇ ಗ್ಯಾರೇಜು. ಹುಮನಾಬಾದಿನ ಬಸವಣಪ್ಪ ಮಿಸ್ತ್ರಿ."

ಬುಧವಾರ ಬೆಳಿಗ್ಗೆ ಫಿರೋಜನನ್ನು ಠಾಣೆಗೆ ಕರೆಸಿದರು.

"ಬಸವಣಪ್ಪ ನಿನಗ ಏನಾಗಬೇಕು?"

"ನಮ್ಮ ಉಸ್ತಾದರು ಸಾಬ್. ಪಾನಾ ಹಿಡಿಯೂದು ಕಲಿಸಿದವರು. ಅಬ್ಬಾ ಸತ್ತಮ್ಯಾಲ ಅವರೇ ನನಗ ಅಬ್ಬಾ." ಅವನ ಮುಖದಲ್ಲಿ ಮೂರು ದಿನದಲ್ಲಿ ಮೊದಲ ಬಾರಿ ಸ್ವಲ್ಪ ಬೆಳಕು ಬಂತು. "ಯಾಕ್ರಿ, ನನ್ನ ಪರವಾಗಿ ಹೇಳಾಕ ಬಂದಾರೇನು?"

ದತ್ತಾತ್ರಿ ಕಿಟಕಿಯ ಕಡೆ ತಿರುಗಿಕೊಂಡ.

"ಶುಕ್ರವಾರ ನೀ ನಮಾಜಿಗಿ ಹೋದಾಗ ಶೆಡ್ಡಿನ್ಯಾಗ ಯಾರಿದ್ರು?"

"ಉಸ್ತಾದರು. ಪ್ರತಿ ಶುಕ್ರವಾರ ಹುಮನಾಬಾದಿನಿಂದ ಬಸ್ಸು ಹಿಡಿದು ಬರ್ತಾರ. ನಾ ಬರೂತನಾ ಶೆಡ್ ಕಾಯ್ತಾರ. ಆಮ್ಯಾಲ ಕೂಡಿ ಉಣ್ತೀವಿ."

"ಸೋಮವಾರ, ಯಾರೂ ಬಂದಿಲ್ಲ ಅಂದಿ."

"ನೀವು ಹೊರಗಿನವರು ಅಂತ ಕೇಳಿದ್ರಿ ಸಾಬ್. ಉಸ್ತಾದರು ಹೊರಗಿನವರೇನ್ರಿ?"

ಧಮ್ಮಪಾಲರು ಕಡತದ ಛಾಪನ್ನೂ ಪಿಕಪ್ಪಿನ ಛಾಪನ್ನೂ ಅಕ್ಕಪಕ್ಕ ಇಟ್ಟರು. ಅದನ್ನು ಫಿರೋಜನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ಒಡೆದ ಎಂಟನ್ನು ಅವನು ಬಾಲ್ಯದಿಂದ ಬಲ್ಲ. ಬಹಳ ಹೊತ್ತು ನೋಡಿದ.

"ಯಾರೋ ಪಂಚು ಕದ್ದಾರ," ಎಂದ.

"ಫಿರೋಜ್."

"ಅವತ್ತ ನನ್ನ ಹೆಂಡ್ತಿ ತಹಸೀನ್ ಅವರಿಗಂತ ಬ್ಯಾರೆ ಬ್ಯಾಳಿ, ಜ್ವಾಳದ ರೊಟ್ಟಿ ಮಾಡಿ ಕಳಿಸಿದ್ಲು. ತಮ್ಮ ರೊಟ್ಟಿ ಮುರದು ಅರ್ಧ ನನ್ನ ತಾಟಿನ್ಯಾಗ ಹಾಕಿದ್ರು ಸಾಬ್. 'ಸೋಮವಾರ ನಿನ್ನ ಗಾಡಿ ಪಾಸ್ ಆಗ್ತದ ಬೇಟಾ' ಅಂದ್ರು. ಅದೇ ಕೈಲೆ..." ಛಾಪುಗಳನ್ನು ಬೋರಲು ಹಾಕಿದ. ಆಮೇಲೆ ಜೋರಾಗಿ ಕೂಗಿದ: "ಅವರಲ್ಲ! ಬೇಕಾದ್ರ ನನ್ನನ್ನೇ ಒಳಗ ಹಾಕ್ರಿ. ಅವರಂತೂ ಅಲ್ಲ!"

ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನಾರಿಗೆ ಹೇಳುವುದು ಎಂಬ ಮಾತು ದತ್ತಾತ್ರಿಯ ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ಅವನು ಅದನ್ನು ನುಂಗಿಕೊಂಡ.

ನವೆಂಬರ್ 20, ಗುರುವಾರ, ಬೆಳಿಗ್ಗೆ 10.15. ಹುಮನಾಬಾದ್. ಬಸವಣಪ್ಪನ ಗ್ಯಾರೇಜಿನ ಮುಂದೆ ಒಂದೇ ಒಂದು ಹಳೆಯ ಟ್ರ್ಯಾಕ್ಟರ್ ನಿಂತಿತ್ತು. ಒಳಗೆ ಆರು ಲಾರಿ ನಿಲ್ಲುವ ಜಾಗ, ಒಂದೂ ಇರಲಿಲ್ಲ. ಅರವತ್ತೇಳರ ಮಿಸ್ತ್ರಿ ಸ್ಟೂಲಿನ ಮೇಲೆ ಕುಳಿತು ಬೇರಿಂಗಿಗೆ ಗ್ರೀಸ್ ತುಂಬುತ್ತಿದ್ದ. ಅವನ ಹೆಂಡತಿ ಧೂಳಮ್ಮ ಪೊಲೀಸರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು.

"ಏನ್ರಿ ಯಪ್ಪಾ? ನಮ್ಮ ಫಿರೋಜನ ಸಲುವಾಗಿ ಬಂದ್ರ್ಯಾ? ಅವನ ಗಾಡಿ ಯಾರೋ ಕೆಡಿಸ್ಯಾರಂತ. ಅವರ ಕೈ ಸೇದಿ ಹೋಗ್ಲಿ!"

ಬಸವಣಪ್ಪ ತಲೆ ಎತ್ತಲಿಲ್ಲ.

ಪಂಚರ ಎದುರು ಶೋಧ ನಡೆಯಿತು. ಕಟ್ಟಿಗೆಯ ಪೆಟ್ಟಿಗೆಯಲ್ಲಿ, ಆಯುಧ ಪೂಜೆಯ ಕುಂಕುಮ ಇನ್ನೂ ಅಂಟಿದ್ದ ಪಂಚುಗಳು. 8ರ ಪಂಚನ್ನು ಸೀಸದ ತುಂಡಿನ ಮೇಲೆ ಹೊಡೆದು ನೋಡಿದರು. ಕೆಳಗಿನ ಸುತ್ತು ಎಡಗಡೆ ಒಡೆದಿತ್ತು.

"ಅದು ಒಡದದ್ದು ನಿಮಗ ಗೊತ್ತಿತ್ತೇನು?" ಧಮ್ಮಪಾಲರು ಕೇಳಿದರು.

"ಗೊತ್ತಿತ್ರಿ. ಬ್ಯಾರೆ ಪಂಚು ನನ್ನ ಕೈಗಿ ಕೂಡೂದಿಲ್ಲ."

ಧೂಳಮ್ಮ ಗಂಡನ ಕಡೆ ನೋಡಿದಳು. ಆಮೇಲೆ ಕುಳಿತುಬಿಟ್ಟಳು.

ಪೆಟ್ಟಿಗೆಯ ತಳದಲ್ಲಿ, ಪಂಚುಗಳ ಜೊತೆಗೇ ಹೋದಲ್ಲೆಲ್ಲ ಒಯ್ಯುವ ರಟ್ಟಿನ ದಪ್ಪ ವಹಿ ಇತ್ತು. ದತ್ತಾತ್ರಿ ಹಾಳೆ ತಿರುವಿದ. ನಲವತ್ತು ವರ್ಷ ಆ ಕೈ ಮುಟ್ಟಿದ ನಂಬರುಗಳೆಲ್ಲ ಅಲ್ಲಿದ್ದವು; ಪ್ರತಿಯೊಂದಕ್ಕೂ ಒಂದು ಪೆನ್ಸಿಲ್ ಛಾಪು, ಕೆಳಗೆ ತಾರೀಖು, ಮಾಲೀಕನ ಹೆಸರು. ಕೊನೆಯ ಹಾಳೆಗೆ ಬಂದಾಗ ಅವನ ಕೈ ನಿಂತಿತು.

14-11-2025. ಹದಿನೇಳು ಅಕ್ಷರ, ಸ್ವಚ್ಛವಾಗಿ. ಕೊನೆಯಲ್ಲಿ 503.

"ಅಲ್ಲೋ ಮಾರಾಯಾ," ದತ್ತಾತ್ರಿಗೆ ತಡೆಯಲಾಗಲಿಲ್ಲ, "ಅಳಸಾಕ ಹೋದಾವ ಛಾಪು ಯಾಕ ತಗದಿ? ತಗದಿ, ಸುಟ್ಟಾದ್ರೂ ಹಾಕಬೇಕಿಲ್ಲ?"

ಮುದುಕ ಮೊದಲ ಬಾರಿಗೆ ಸಿಟ್ಟಾದ. "ಛಾಪು ತಗೀದ, ಹೆಸರು ಬರೀದ ನಂಬರಿಗಿ ಗ್ರೈಂಡರ್ ಹಚ್ಚಬಾರದು! ಇದು ನಾ ನನ್ನ ಹುಡುಗರಿಗಿ ಮೊದಲ ದಿನ ಕಲಿಸೂ ಮಾತು. ಫಿರೋಜಗೂ ಕಲಿಸೀನಿ."

ಯಾವ ಬುದ್ಧಿ ಅಪರಾಧ ಮಾಡಿತೋ ಅದು ಬೇರೆ, ಕೈಗೆ ಹತ್ತಿದ ಶಿಸ್ತು ಬೇರೆ. ಶಿಸ್ತು ಗೆದ್ದಿತ್ತು. ಆ ಒಂದು ಹಾಳೆ ಬಸವಣಪ್ಪನನ್ನು ಹಿಡಿದುಕೊಟ್ಟಿತು, ಫಿರೋಜನನ್ನು ಬಿಡಿಸಿತು.

"ಯಾಕ ಮಾಡಿದ್ರಿ?" ಧಮ್ಮಪಾಲರು ಕೇಳಿದರು.

ಬಸವಣಪ್ಪ ಗ್ರೀಸಿನ ಕೈಯನ್ನು ಅರಿವೆಗೆ ಒರೆಸಿಕೊಳ್ಳುತ್ತಲೇ ಹೇಳಿದ. ಈ ಕಡೆಯ ಗ್ಯಾರೇಜುಗಳಲ್ಲಿ ಒಂದು ಪದ್ಧತಿ ಇದೆ: ಶಿಷ್ಯನ ಹೊಸ ಗಾಡಿ ಬಂದರೆ ಮೊದಲು ಸ್ಟೇರಿಂಗ್ ಹಿಡಿದು ಹತ್ತು ಮಾರು ನಡೆಸಿ ಕೊಡುವವನು ಉಸ್ತಾದ. ಗಾಡಿ ಬಂದ ಬುಧವಾರ ಅವನು ಇಸ್ತ್ರಿ ಅಂಗಿ ತೊಟ್ಟು, ತೆಂಗಿನಕಾಯಿ, ನಿಂಬೆಹಣ್ಣು ತಗೊಂಡು ಹೋಗಿದ್ದ. ಲಾರಿಯಿಂದ ಗಾಡಿ ಇಳಿಯಿತು. ರೂಢಿಯಂತೆ ಬಗ್ಗಿ ಕೆಳಗೆ ನೋಡಿದ. ಕಿತ್ತಳೆ ಬಣ್ಣದ ದಪ್ಪ ವೈರಿಗೆ ಕೈ ಚಾಚಿದ.

"'ಕೈ ಹಚ್ಚಬ್ಯಾಡ್ರಿ ಉಸ್ತಾದ್, ಇದು ನಿಮ್ಮ ಕೆಲಸ ಅಲ್ಲ' ಅಂತ ಚೀರಿದ. ಇಡೀ ಆಟೋನಗರ ನಕ್ಕಿತ್ರಿ. ಆಮ್ಯಾಲ ತಾನೇ ಕೂತು ಶೆಡ್ಡಿಗಿ ಒಯ್ದ. ಸ್ಟೇರಿಂಗ್ ನನಗ ಕೊಡಲಿಲ್ಲ. ತೆಂಗಿನಕಾಯಿ ಹಂಗೇ ಚೀಲದಾಗ ವಾಪಸ್ ತಂದೆ." ಅರಿವೆಯನ್ನು ಮಡಚಿ ಪೆಟ್ಟಿಗೆಯ ಮೇಲಿಟ್ಟ. "ಇಂಥಾ ಗಾಡಿ ಒಂದು ಪಾಸಾತಂದ್ರ ನೂರು ಬರ್ತಾವ. ನಮ್ಮ ಕೈಗಿ ಏನು ಉಳೀತದ? ಒಂದು ಪಾಸಾಗದಿದ್ರ ಸಾಕು ಅನಿಸ್ತು. ಅವನ್ನ ಹಿಡೀತೀರಿ ಅಂತ ನಾ ತಿಳಕೊಂಡಿರಲಿಲ್ಲರಿ. ಖರೇನೇ ತಿಳಕೊಂಡಿರಲಿಲ್ಲ."

"ಸೋಮವಾರ ತಿಳೀತಲ್ಲ? ಮಂಗಳವಾರ, ಬುಧವಾರ ಯಾಕ ಬರಲಿಲ್ಲ?"

ಬಸವಣಪ್ಪ ಎದ್ದು ಗ್ಯಾರೇಜಿನ ದೀಪ ಆರಿಸಿದ. ಬೆಳಿಗ್ಗೆ 11.50ಕ್ಕೆ ಬಂಧಿಸಲಾಯಿತು. ಜೀಪು ಹೊರಟಾಗ ಧೂಳಮ್ಮ ಹೊರಗೆ ಬರಲಿಲ್ಲ.

ಠಾಣೆಯಲ್ಲಿ ಫಿರೋಜ್ ಬೆಂಚಿನ ಮೇಲಿದ್ದ. ಉಸ್ತಾದನನ್ನು ಕಂಡು ಅಭ್ಯಾಸದಂತೆ ಎದ್ದು ನಿಂತ. ಎದ್ದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು, ಮತ್ತೆ ಕೂತ.

"ಆ ವೈರಿನ್ಯಾಗ ನಾಲ್ಕುನೂರು ವೋಲ್ಟ್ ಇರ್ತದ ಉಸ್ತಾದ್," ಎಂದ. "ದುಬೈದಾಗ ನನ್ನ ಬಾಜೂಕೇ ಒಬ್ಬ ಸತ್ತಾನ. ನಿಮ್ಮ ಕೈ ಅಲ್ಲಿಗಿ ಹೋಗೂದು ನೋಡಿ ನನ್ನ ಜೀವಾನೇ ಹಾರಿತ್ತು. ಆ ಹೆದರಿಕ್ಯಾಗ ಸ್ಟೇರಿಂಗ್ ಕೊಡೂದು ಮರತೆ. ಒಂದು ಮಾತು ಬೈಬೇಕಿತ್ತಲ್ರಿ. ಕಪಾಳಕ್ಕ ಹೊಡೀಬೇಕಿತ್ತು. ಮೊದಲೆಲ್ಲ ಹೊಡೀತಿದ್ರಿಲ್ಲೇನು?"

ಬಸವಣಪ್ಪ ಬೇಡಿ ಹಾಕಿದ ಕೈ ನೋಡಿಕೊಂಡ. ದತ್ತಾತ್ರಿ ಅವನನ್ನು ಒಳಗೆ ಕರೆದೊಯ್ದ.

ಸಂಜೆ 5ಕ್ಕೆ ದೀಪಾಲಿ ಬಂದರು. ವಹಿಯ ಛಾಪು ಪುಣೆಯ ಛಾಪಿಗೆ ಅಕ್ಷರಶಃ ಹೊಂದಿತು. ನ್ಯಾಯಾಲಯದ ಅನುಮತಿ ಪಡೆದು 503ನ್ನು ಮತ್ತೆ ಹೊಡೆಸಬಹುದು, ಒಪ್ಪಿಗೆ ಪತ್ರ ಉಳಿಯುತ್ತದೆ, ಗಾಡಿ ರಸ್ತೆಗೆ ಇಳಿಯುತ್ತದೆ ಎಂದರು. ಫಿರೋಜ್ ತಲೆಯಾಡಿಸಿದ. ಎರಡು ದಿನದ ಹಿಂದೆ ಈ ಮಾತು ಕೇಳಿದ್ದರೆ ಕುಣಿಯುತ್ತಿದ್ದ.

"ಹಾಳೆ ನೋಡಿ ನಿನ್ನ ಗಾಡೀದೇ ಅಂತ ಗುರುತಿಸಿ ಸಹಿ ಮಾಡಬೇಕು," ಎಂದು ಧಮ್ಮಪಾಲರು ವಹಿಯನ್ನು ಅವನ ಮುಂದೆ ತೆರೆದಿಟ್ಟರು.

ಫಿರೋಜ್ ನಂಬರು ಓದಿದ. ತಾರೀಖು ಓದಿದ. ಅದರ ಕೆಳಗೆ, ಮಾಲೀಕನ ಹೆಸರಿನ ಜಾಗದಲ್ಲಿ, ಬೇರೆ ಹಾಳೆಗಳಲ್ಲೆಲ್ಲ ಹೆಸರು, ಅಡ್ಡಹೆಸರು, ಊರು ಇದ್ದವು. ಇಲ್ಲಿ ಆ ದುಂಡನೆಯ ಅಕ್ಷರಗಳಲ್ಲಿ, ಗ್ರೈಂಡರ್ ಹಚ್ಚುವ ಮೊದಲು ಬರೆದದ್ದು, ಎರಡೇ ಪದ: 'ನಮ್ಮ ಫಿರೋಜ್'.

ಅವನು ಸಹಿ ಮಾಡಿದ. ವಹಿ ಮುಚ್ಚಿ ಮೇಜಿನ ಆ ಕಡೆ ತಳ್ಳಿದ.

"ಇದನ್ನ ನನಗ ತೋರಿಸಬಾರದಿತ್ತು ಸಾಬ್," ಎಂದ.