ನಡುವಿನ ಸೈಕಲ್ಲು

“ಈ ವಾರ ಮುಂದ ಹೋಗೂ ಪಾಳಿ ನಂದು!” ಎಂದು ಧನಶ್ರೀ ಸೈಕಲ್ಲನ್ನು ಅಡ್ಡ ಹಾಕಿದಳು.

“ನೀ ಮುಂದ ಹೋದ್ರ ಪ್ರಾರ್ಥನಾ ಮುಗದು ಊಟದ ಬೆಲ್ ಹೊಡೀತದ. ಸರಿ ಅತ್ಲಾಗ!” ನಾಗರತ್ನಾ ನಗುತ್ತ ಪೆಡಲ್ ತುಳಿದೇಬಿಟ್ಟಳು. ಹಿಂದಿದ್ದ ಸೈದಾನಬಿಯೂ ಕಿಸಕ್ಕನೆ ನಕ್ಕಳು. ಧನಶ್ರೀಗೆ ಮೈಯೆಲ್ಲ ಉರಿದುಹೋಯಿತು.

ಮೂವರದೂ ಎಂಟನೆಯ ತರಗತಿ. ಸರ್ಕಾರ ಕೊಟ್ಟ ಸೈಕಲ್ ಮೇಲೆ ರಾವೂರಿನಿಂದ ವಾಡಿಯ ಹೈಸ್ಕೂಲಿಗೆ ಹೋಗುತ್ತಿದ್ದರು. ದಾರಿಯುದ್ದಕ್ಕೂ ಕಲ್ಲಿನ ಗಣಿ, ಕಲ್ಲು ಕೊಯ್ಯುವ ಮಷೀನು, ಕಲ್ಲು ಹೊತ್ತ ಲಾರಿ. ಆ ಮಷೀನಿನ ಗದ್ದಲದಲ್ಲಿ ಹಿಂದಿನಿಂದ ಬರುವ ಲಾರಿ ಕೇಳಿಸುವುದೇ ಇಲ್ಲ.

ಅದಕ್ಕೇ ಹುಡುಗಿಯರು ತಮ್ಮದೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಲಾರಿ ಬಂದರೆ ಹಿಂದಿನವಳು ತಿರುಗಿ ನೋಡಿ ಎರಡು ಸಲ ಘಂಟಿ ಹೊಡೆಯಬೇಕು. ಅದನ್ನು ಕೇಳಿದ ನಡುವಿನವಳು ತನ್ನ ಘಂಟಿ ಹೊಡೆದು ಮುಂದಿನವಳಿಗೆ ಮುಟ್ಟಿಸಬೇಕು. ಮೂರೂ ಸೈಕಲ್ಲು ಒಟ್ಟಿಗೇ ರೋಡಿನಿಂದ ಕೆಳಗೆ! ಗುಂಡಿ ಕಂಡರೆ ಮುಂದಿನವಳು ಕೈ ಎತ್ತುತ್ತಾಳೆ. ಅದೂ ಹೀಗೆಯೇ ಹಿಂದಕ್ಕೆ ಸಾಗುತ್ತದೆ. ಇದನ್ನು ಕಣ್ಣಾರೆ ನೋಡಿದ ಮೇಲೆಯೇ ನಾಗರತ್ನಾಳ ಅಪ್ಪ ಶಿವರಾಯ ಮಗಳನ್ನು ಹೈಸ್ಕೂಲಿಗೆ ಕಳಿಸಲು ಒಪ್ಪಿದ್ದ.

ಅವತ್ತು ಗಣಿಯ ತಿರುವಿನಲ್ಲಿ ಸೈದಾನಬಿಯ ಘಂಟಿ ಟ್ರಿಣ್ ಟ್ರಿಣ್ ಎಂದಿತು. ನಡುವಿದ್ದ ಧನಶ್ರೀ ಸೈಕಲ್ಲನ್ನು ರೋಡಿನಿಂದ ಕೆಳಗಿಳಿಸಿದಳು. ಬೆರಳು ಘಂಟಿಯ ಮೇಲೆ ಹೋಯಿತು. ಆದರೆ ಹೊಡೆಯಲಿಲ್ಲ.

‘ಭಾರೀ ಲೀಡರ್ ಅಲ್ಲಾ? ತಾನೇ ನೋಡ್ಕೊಳ್ಳಲಿ!’ ಎಂದುಕೊಂಡಳು.

ಲಾರಿ ಬರ್ರೆಂದು ಬಂತು. ನಾಗರತ್ನಾ ಗಾಬರಿಯಾಗಿ ಹ್ಯಾಂಡಲ್ ತಿರುಗಿಸಿ, ಸೈಕಲ್ ಸಮೇತ ಕಲ್ಲಿನ ರಾಶಿಯ ಮೇಲೆ ಬಿದ್ದಳು. “ಯವ್ವಾ!” ಎಂಬ ಕೂಗು ಮಷೀನಿನ ಗದ್ದಲವನ್ನೂ ಮೀರಿ ಕೇಳಿಸಿತು. ಲಾರಿ ನಿಲ್ಲದೆ ಹೋಯಿತು.

ನಾಗರತ್ನಾಳ ಬಲಗೈ ಮುರಿದಿತ್ತು. ಸಂಜೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಶಿವರಾಯ ಗೆಳತಿಯರಿಬ್ಬರನ್ನೂ ಕರೆಸಿದ.

“ಖರೇ ಹೇಳ್ರಿ. ಘಂಟಿ ಹೊಡದೀರೋ ಇಲ್ಲೋ?”

“ನಾ ಹೊಡದೀನ್ರಿ ಕಾಕಾ,” ಎಂದಳು ಸೈದಾನಬಿ.

ಶಿವರಾಯ ಧನಶ್ರೀಯ ಕಡೆ ನೋಡಿದ.

“ನಾನೂ... ಹೊಡದೀನ್ರಿ.”

ಸೈದಾನಬಿ ಗಕ್ಕನೆ ಅವಳತ್ತ ತಿರುಗಿದಳು.

“ನನಗೇ ಕೇಳಿಲ್ಲಪ್ಪಾ. ಅವರದೇನೂ ತಪ್ಪಿಲ್ಲ,” ಎಂದಳು ನಾಗರತ್ನಾ.

“ಹಂಗಾದ್ರ ಮುಗೀತು. ಘಂಟಿ ಹೊಡದ್ರೂ ಕೇಳದಾಕಿ ರೋಡಿಗ್ಯಾಕ ಹೋಗಬೇಕು? ಸಾಲಿ ಸಾಕು. ಮನ್ಯಾಗ ಇರು.”

“ಬ್ಯಾಡಪ್ಪಾ! ಇನ್ನ ಮ್ಯಾಲ ಲಕ್ಷ್ಯ ಕೊಟ್ಟು ಕೇಳ್ತೀನಿ. ನಿನ್ನಾಣಿ!”

ಶಿವರಾಯ ಎದ್ದು ಹೊರಗೆ ಹೋದ. ನಾಗರತ್ನಾ ಬಿಕ್ಕಿ ಬಿಕ್ಕಿ ಅತ್ತಳು. ಛೀ, ಆಗಲಾದರೂ ಧನಶ್ರೀ ಬಾಯಿ ಬಿಡಬಾರದಿತ್ತೆ! ಹೆದರಿ ಮನೆಗೆ ಓಡಿಬಿಟ್ಟಳು.

ಮರುದಿನ ಬೆಳಿಗ್ಗೆ ಊರ ಹೊರಗೆ ಇಬ್ಬರೇ ನಿಂತಿದ್ದರು.

“ನೀ ಮುಂದ ನಡಿ,” ಎಂದಳು ಧನಶ್ರೀ.

ಸೈದಾನಬಿ ಅಲುಗಾಡಲಿಲ್ಲ. “ನೀನೇ ಹೋಗು. ಲಾರಿ ಬಂದ್ರ ನಿನಗ ನಾ ಘಂಟಿ ಹೊಡೀತೀನಿ. ಆದ್ರ ನಿನ್ನ ಮುಂದ ನಾ ಹೋಗಂಗಿಲ್ಲ.”

“ನಿನಗ... ಗೊತ್ತದ ಏನು?”

“ನನಗ ಕಿವಿ ಅವ.”

“ಮತ್ತ ನಿನ್ನೆ ಯಾಕ ಹೇಳಲಿಲ್ಲ?”

“ನೀನೇ ಹೇಳ್ತಿ ಅಂತ ಕಾದೆ.”

ಬೈದಿದ್ದರೆ ಧನಶ್ರೀ ತಿರುಗಿ ಬೈಯುತ್ತಿದ್ದಳೇನೋ. ಸೈದಾನಬಿ ಬೈಯಲಿಲ್ಲ. ಧನಶ್ರೀ ಸೈಕಲ್ಲನ್ನು ಊರ ಕಡೆಗೆ ತಿರುಗಿಸಿದಳು.

ಶಿವರಾಯ ಅಂಗಳದಲ್ಲಿ ಯಾರಿಗೋ ಮಗಳ ಸೈಕಲ್ ತೋರಿಸುತ್ತಿದ್ದ. “ಇನ್ನಾ ವರ್ಷ ಸೈತ ಆಗಿಲ್ಲ. ನೀವೇ ಒಯ್ರಿ,” ಎನ್ನುತ್ತಿದ್ದ. ಒಳಗೆ ನಾಗರತ್ನಾ ಅವ್ವನ ಜೊತೆ ಏನೋ ಮಾತಾಡುವುದು ಕೇಳುತ್ತಿತ್ತು.

“ಕಾಕಾ, ನಾ ಘಂಟಿ ಹೊಡದಿಲ್ರಿ.”

“ಏನಂದಿ?”

ಧನಶ್ರೀ ಇನ್ನೊಮ್ಮೆ ಹೇಳಿದಳು. ಈ ಸಲ ಒಳಗಿದ್ದವಳಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. ಶಿವರಾಯ ಸೈಕಲ್ಲನ್ನು ತಿರುಗಿ ಗೋಡೆಗೆ ಆನಿಸಿಟ್ಟ.

ಒಳಗಿನ ಮಾತು ನಿಂತಿತು. ನಾಗರತ್ನಾಳಿಗೆ ಕೇಳಿಸಿತೆಂದು ಧನಶ್ರೀಗೆ ಗೊತ್ತಾಯಿತು. ಬಾಗಿಲನ್ನೇ ನೋಡುತ್ತ ಬಹಳ ಹೊತ್ತು ನಿಂತಳು. ನಾಗರತ್ನಾ ಹೊರಗೆ ಬರಲಿಲ್ಲ.