ಗಿರಣಿ ಅಂಗಳದ ಕಲ್ಲು

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಮಾಲ್‌ನ ಮಾಲೀಕ ಅಂಬರೀಶ ರಾಯಚೂರಿನ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಅವರ ಮಾಲ್‌ನಿಂದ ಒಂದು ಕಲ್ಲು ಕಳುವಾಗಿತ್ತು.

"ಎಂಥಾ ಕಲ್ಲುರೀ?" ಇನ್‌ಸ್ಪೆಕ್ಟರ್ ಸುನಂದಾ ಕೇಳಿದರು.

"ತೂಕದ ಕಲ್ಲು ಮೇಡಂ. ನಮ್ಮಜ್ಜನ ಅಕ್ಕಿ ಗಿರಣಿದು."

ಹೆಡ್ ಕಾನ್‌ಸ್ಟೇಬಲ್ ಪ್ರಭುರಾಜ ಬರೆಯುತ್ತಿದ್ದ ಪೆನ್ನು ನಿಲ್ಲಿಸಿದ. "ರಾಯಚೂರಾಗ ಕಲ್ಲಿಗೇನು ಬರ ಬಂತ್ರೀ ಸಾಹುಕಾರ್ರೇ?"

ಅಂಬರೀಶ ನಗಲಿಲ್ಲ. ಎಫ್‌ಐಆರ್ ದಾಖಲಾಯಿತು.

ಮುಚ್ಚಿ ಪಾಳು ಬಿದ್ದಿದ್ದ ಗಿರಣಿಯನ್ನು ಮಾಲ್ ಮಾಡುವಾಗ ವಾಸ್ತುಶಿಲ್ಪಿ ನಾಗವೇಣಿ ಎಲ್ಲವನ್ನೂ ಕೆಡವಿರಲಿಲ್ಲ. ಮುಂದಿನ ಬಯಲಿನ ಬಾವಿಯನ್ನೂ ಕಲ್ಲಿನ ಹೆಬ್ಬಾಗಿಲನ್ನೂ ಉಳಿಸಿದ್ದರು. ಭತ್ತ ಒಣಗಿಸುತ್ತಿದ್ದ ಅಂಗಳಕ್ಕೆ ಗಾಜಿನ ಚಾವಣಿ ಹೊದಿಸಿ ಸುತ್ತ ಮೂರು ಮಹಡಿ ಅಂಗಡಿಗಳನ್ನು ಕಟ್ಟಿದ್ದರು. ಬೇಸಿಗೆಯ ಬಿಸಿಲು ನೇರವಾಗಿ ಬೀಳದಂತೆ ಗಾಜನ್ನು ಉತ್ತರಕ್ಕೆ ಓರೆ ಮಾಡಿದ್ದರು. ಗಿರಣಿಯ ಹಳೆಯ ಸಾಮಾನುಗಳನ್ನು ಅಲ್ಲಲ್ಲಿ ಕಟ್ಟೆಗಳ ಮೇಲಿಟ್ಟು ಗಾಜು ಮುಚ್ಚಿ, ಕೆಳಗೆ ಹೆಸರು ಬರೆಸಿದ್ದರು.

ಮಧ್ಯಾಹ್ನ 12ಕ್ಕೆ ಸ್ಥಳ ಪಂಚನಾಮೆ ನಡೆಯಿತು. ಗಾಜು ಒಡೆದಿರಲಿಲ್ಲ, ಎತ್ತಿ ಪಕ್ಕಕ್ಕಿಟ್ಟಿದ್ದರು. ಬರಿದಾದ ಕಟ್ಟೆಯ ಮೇಲೆ ಚಿಟಿಕೆಯಷ್ಟು ಹಳದಿ ಪುಡಿ ಇತ್ತು. ಬಿ.ಎಸ್‌ಸಿ. ಓದಿದ್ದ ಸುನಂದಾ ಅದರಲ್ಲಿ ಸ್ವಲ್ಪವನ್ನು ಕಾಗದದ ಮೇಲೆ ತೆಗೆದುಕೊಂಡು ಎರಡು ಹನಿ ಸೋಪಿನ ನೀರು ಬಿಟ್ಟರು. ಅದು ಕೆಂಪಾಯಿತು.

"ಅರಿಷಿಣ."

"ಭಂಡಾರ ಮೇಡಂ," ಪ್ರಭುರಾಜ ಹೇಳಿದ. "ಕುರಿ ಕಾಯೋರು ದೇವರಿಗೆ ಹಚ್ತಾರ. ಕಳ್ಳ ಕದ್ದ ಜಾಗಕ್ಕ ಕೈ ಮುಗದು ಹೋಗ್ಯಾನ."

ಸ್ಥಳಕ್ಕೆ ಬಂದಿದ್ದ ನಾಗವೇಣಿ ತಮ್ಮ ಫೋನಿನಲ್ಲಿದ್ದ ಕಲ್ಲಿನ ಫೋಟೋ ತೋರಿಸಿದರು. ಕಲ್ಲಿನ ಸಣ್ಣ ಕುಳಿಗಳಲ್ಲೂ ಅದೇ ಹಳದಿ.

"ಹಳೇ ಬಣ್ಣ ಅಂದುಕೊಂಡಿದ್ದೆ," ಎಂದರು ನಾಗವೇಣಿ.

"ಇದರ ತಳ ದುಂಡಗ ಅದ. ತಕ್ಕಡಿಯಾಗ ಹೆಂಗ ನಿಲ್ತದ?" ಪ್ರಭುರಾಜ ಕೇಳಿದ.

ಅಂಬರೀಶರದು ಗಿರಣಿಯವರ ಮನೆತನ, ಮುಂದಿನ ಬಯಲಲ್ಲಿ ಸಿಕ್ಕ ಕಲ್ಲೂ ಅವರಿಗೆ ತೂಕದ ಕಲ್ಲಾಗಿ ಕಂಡಿತ್ತು.

ಸಿಸಿಟಿವಿಯಲ್ಲಿ ಹಿಂದಿನ ಸಂಜೆ 6.25ಕ್ಕೆ ಒಬ್ಬಾತ ಕಂಬಳಿಯ ಗಂಟನ್ನು ಎದೆಗೊತ್ತಿಕೊಂಡು ಹೊರಹೋಗುವುದು ಕಂಡಿತು. ಬಾಗಿಲ ಕಾವಲಿನ ಜಬೀನ್ ತಲೆ ತಗ್ಗಿಸಿದಳು.

"ಮಲಗಿದ ಕೂಸು ಅಂದ್ಕೊಂಡೆ ಮೇಡಂ. ಕುತ್ತಿಗಿ ಕೆಳಗ ಕೈ ಕೊಟ್ಟಂಗ ಹಿಡಿದಿದ್ದ. ನಾನೇ ಬಾಗಲಾ ತಗದೆ."

ಬಸ್ ನಿಲ್ದಾಣದಲ್ಲಿ ದೇವದುರ್ಗದ ಬಸ್ಸಿನ ಕಂಡಕ್ಟರ್ ಚಿತ್ರ ನೋಡಿ ಗುರುತಿಸಿದ.

"ಕೂಸಿನ ಮಾರಿ ಮ್ಯಾಲಿನ ಕಂಬಳಿ ಸರಸೋ ಮಾರಾಯಾ, ಉಸುರು ಕಟ್ಟೀತು ಅಂದೆ. ಮಲಗ್ಯಾಳ್ರೀ, ಎಬ್ಬಿಸಬ್ಯಾಡ್ರಿ ಅಂದ."

ಮರುದಿನ ಬೆಳಿಗ್ಗೆ ದೇವದುರ್ಗದಲ್ಲಿ ಕುರಿಗಾರರ ಓಣಿಯವರು ಚಿತ್ರ ನೋಡಿ ಅಮೋಘಸಿದ್ದನ ಮನೆ ತೋರಿಸಿದರು. ಒಳಗೆ ಅವನ ತಾಯಿ ಬೂದೆಮ್ಮ ಕೂತಿದ್ದಳು. ಪಕ್ಕದಲ್ಲಿ ಮಡಚಿದ ಕಂಬಳಿಯ ಮೇಲೆ, ತೊಳೆದು ಭಂಡಾರ ಹಚ್ಚಿದ ಕಲ್ಲು.

"ಇದು ಯಾರದು ಯವ್ವಾ?" ಸುನಂದಾ ಕೇಳಿದರು.

"ನನ್ನ ಮಗಳದು. ದೇವಿಕಾ ಅಂತ ಹೆಸರಿಟ್ಟಿದ್ವಿ."

ಸುಗ್ಗಿ ಮುಗಿದ ಮೇಲೆ ಅಂಬರೀಶರ ಅಜ್ಜ ಗಿರಣಿಯ ಮುಂದೆ, ಬಾವಿಯ ಪಕ್ಕದ ಹೊಲದಲ್ಲಿ ಗೊಬ್ಬರಕ್ಕಾಗಿ ಇವರ ಕುರಿ ಹಿಂಡನ್ನು ರಾತ್ರಿ ತರುಬಿಸಿ ತಂಗಿಸುತ್ತಿದ್ದರು. ಹಾಗೆ ತಂಗಿದ್ದ ಒಂದು ವರ್ಷ ಜ್ವರ ಬಂದು ಆರು ತಿಂಗಳ ಕೂಸು ಹೋಯಿತು. ಅಲ್ಲೇ ಮಣ್ಣು ಮಾಡಿ ಮೇಲೆ ಕಲ್ಲು ಇಟ್ಟರು. ಪ್ರತಿ ವರ್ಷ ಹಿಂಡು ಬಂದಾಗ ಬೂದೆಮ್ಮ ಕಲ್ಲಿಗೆ ಕುರಿಯ ಹಾಲೆರೆಯುತ್ತಿದ್ದಳು. ಗಿರಣಿಗೆ ಬೀಗ ಬಿದ್ದ ಮೇಲೆ ಆ ದಾರಿ ತಪ್ಪಿತು.

"ಮಗ ಎಲ್ಲಿದ್ದಾನ?"

"ಹಿರೇಕೊಟ್ನೆಕಲ್ ಕಡೆ, ಕುರಿ ಹಿಂದ. ಬಡೀಬ್ಯಾಡ್ರಿ ಅವನ್ನ. ನಾನು ಉಣ್ಣೂದು ಬಿಟ್ಟಿದ್ದೆ, ಅದಕ್ಕ ತಂದಾನ."

ಪ್ರಭುರಾಜ ಜಪ್ತಿ ಪಂಚನಾಮೆ ಬರೆದು ಕಲ್ಲನ್ನು ಕಂಕುಳಲ್ಲಿ ಇಟ್ಟುಕೊಂಡ. ಹೊಸ್ತಿಲು ದಾಟುವ ಮೊದಲೇ ಎರಡೂ ಕೈಗೆ ತೆಗೆದುಕೊಂಡ.

ಮಾನ್ವಿ ದಾಟಿ ಹಿರೇಕೊಟ್ನೆಕಲ್ ತಲುಪುವಾಗ ಮಧ್ಯಾಹ್ನ 3.30. ಕೊಯ್ದ ಗದ್ದೆಯಲ್ಲಿ ಕುರಿಗಳು ಕೂಳೆ ಮೇಯುತ್ತಿದ್ದವು. ಅಮೋಘಸಿದ್ದ ಓಡಲಿಲ್ಲ.

"ಕಲ್ಲು ತಗೊಂಡಿ?"

"ಹೌದ್ರಿ."

"ಕೇಳಿದ್ರ ಕೊಡ್ತಿರಲಿಲ್ಲೇನು?"

"ಕೇಳಾಕ ಹೋಗಿದ್ನಿರೀ. ಯಾರನ್ನ ಕೇಳಬೇಕು ಅಂತ ತಿಳೀಲಿಲ್ಲ. ಗಾಜಿಗೆ ಕೈ ಹಚ್ಚಬ್ಯಾಡ ಅಂದ್ರು, ಅಷ್ಟ. ಬಂದೋರು ಅದೇ ಗಾಜಿನ ಮ್ಯಾಲೆ ಜ್ಯೂಸಿನ ಗ್ಲಾಸು ಇಟ್ಟು ಫೋಟೋ ತೆಗೀತಿದ್ರು."

3.50ಕ್ಕೆ ಅವನನ್ನು ಬಂಧಿಸಲಾಯಿತು. ಜೀಪು ಹತ್ತುವ ಮುಂಚೆ ಅವನು ಒಂದೇ ಮಾತು ಕೇಳಿದ.

"ಮೇಡಂ, ಗಾಡಿ ನಿಲ್ಲಿಸಾಕ ನೆಲದ ಕೆಳಗ ಅಗದಾರಂತ. ನಮ್ಮ ತಂಗೀನೂ ಮಣ್ಣಿನ ಜೋಡಿ ಟಿಪ್ಪರಿನ್ಯಾಗ ಹೋದ್ಳೇನು? ಅವ್ವ ದಿನಾ ಅದನ್ನ ಕೇಳ್ತಾಳ."

ಸುನಂದಾ ದಾರಿಯಲ್ಲಿ ನಾಗವೇಣಿಗೆ ಫೋನ್ ಮಾಡಿ ನೆಲಮಾಳಿಗೆಯ ನಕಾಶೆ ತರಲು ಹೇಳಿದರು.

13ರಂದು ಅವನಿಗೆ ಜಾಮೀನು ಸಿಕ್ಕಿತು; ಅಂಬರೀಶ ತಕರಾರು ಮಾಡಲಿಲ್ಲ. ಸಂಜೆ ಎಲ್ಲರೂ ಮಾಲ್‌ನ ಮುಂದಿನ ಬಯಲಿನಲ್ಲಿ ಸೇರಿದರು. ಬೂದೆಮ್ಮ ಬಾವಿಗೆ ಬೆನ್ನು ಕೊಟ್ಟು, ಹೆಬ್ಬಾಗಿಲನ್ನು ಎಡಕ್ಕಿಟ್ಟುಕೊಂಡು ನಡೆದಳು. ಹುಲ್ಲುಹಾಸಿನ ಅಂಚಿನಲ್ಲಿ ನಿಂತಳು.

"ಇಲ್ಲೇರಿ."

"ಕಲ್ಲು ಎತ್ತಿದ್ದೂ ಇಲ್ಲೇ," ನಾಗವೇಣಿ ಮೆಲ್ಲಗೆ ಹೇಳಿದರು. ನಕಾಶೆ ಹರಡಿ ನೆಲಮಾಳಿಗೆಯ ಗೆರೆಯ ಮೇಲೆ ಬೆರಳಿಟ್ಟರು. ಬಾವಿ ಕುಸಿಯಬಾರದೆಂದು ಅವರು ಆ ಗೆರೆಯನ್ನು ಕಟ್ಟಡದ ಕಡೆಗೆ ಹಿಂದಕ್ಕೆ ಸರಿಸಿದ್ದರು. ಅದಕ್ಕಾಗಿ ಹದಿನಾಲ್ಕು ಕಾರಿನ ಜಾಗ ಹೋಯಿತೆಂದು ಅಂಬರೀಶ ಆಗ ಜಗಳವಾಡಿದ್ದರು. ಈಗ ಅವರೇ ಅಳತೆಯ ಟೇಪಿನ ಒಂದು ತುದಿ ಹಿಡಿದು ಮಂಡಿಯೂರಿದರು.

"ಅಗದಾರೇನ್ರಿ ಯವ್ವಾ?" ಬೂದೆಮ್ಮ ಸುನಂದಾರನ್ನು ಕೇಳಿದಳು.

"ಇಲ್ಲಿ ಅಗದಿಲ್ಲ ಯವ್ವಾ. ಮಲಗ್ಯಾಳ."

ಬೂದೆಮ್ಮ ಕೂತು ಹುಲ್ಲಿನ ಮೇಲೆ ಅಂಗೈ ಇಟ್ಟಳು. ಅಮೋಘಸಿದ್ದ ಮುಖ ಆಚೆ ತಿರುಗಿಸಿಕೊಂಡ.

ಕೇಸ್ ಡೈರಿಯಲ್ಲಿ ಸುನಂದಾ ಬರೆದರು: ಆರೋಪಿಗೆ ಲಾಭದ ಉದ್ದೇಶ ಇರಲಿಲ್ಲ, ತಂಗಿ ಮಣ್ಣಿನೊಂದಿಗೆ ಹೋಗಿರಬಹುದೆಂದು ಹೆದರಿ, ಅವಳ ಗುರುತಿಗೆ ಉಳಿದಿದ್ದ ಕಲ್ಲನ್ನು ತಾಯಿಗೆ ತಲುಪಿಸಿದ್ದಾನೆ. ನೆಲಮಾಳಿಗೆಯ ಗೋಡೆಯಿಂದ ಹೂಳಿದ ಜಾಗಕ್ಕೆ ಇರುವ ದೂರ 2.40 ಮೀಟರ್.