ಹಿಮಕ್ಕೆ ಹೋಗುವವನಿಗೊಂದು ಜಾಕೆಟ್

"ಒಂದು ಜಾಕೀಟು ಬೇಕಾಗಿತ್ರಿ... ಹಿಮದಾಗ ನಡ್ಯಾಕ."

ಆ ದನಿ ಕೇಳಿದ್ದೇ ತಡ, ಸ್ವೆಟರ್ ಮಡಚುತ್ತಿದ್ದ ಮಾಯವ್ವನ ಕೈ ಅಲ್ಲೇ ನಿಂತಿತು.

ಅವಳು ತಲೆ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಹನ್ನೆರಡು ವರ್ಷ ಕಿವಿಯೊಳಗೆ ಜೋಪಾನ ಮಾಡಿದ ದನಿಯನ್ನು ಗುರುತಿಸಲು ಕಣ್ಣು ಯಾಕೆ ಬೇಕು?

ಪರಮಾನಂದ...

ಜಮಖಂಡಿಯ ಪೇಟೆಯಲ್ಲಿ ಅಷ್ಟೊಂದು ಅಂಗಡಿಗಳಿರುವಾಗ ಈ ಮನುಷ್ಯ ಅವಳ ಅಂಗಡಿಯ ಮುಂದೆಯೇ ಯಾಕೆ ಬಂದು ನಿಂತ ಅಂತ ನೀವು ಕೇಳಬಹುದು. ವಿಧಿ ಗಿಧಿ ಏನೂ ಇಲ್ಲ. ಮಾರ್ಚ್ ಬಂದರೆ ರಸ್ತೆಯ ಡಾಂಬರು ಮೆತ್ತಗಾಗುವ ಊರಿನಲ್ಲಿ ಹಿಮದ ಜಾಕೆಟ್ ಇಡುವ ಹುಚ್ಚು ಇನ್ನಾರಿಗಿದೆ? ಮಳೆಗಾಲಕ್ಕೆ ಛತ್ರಿ, ಬೇಸಿಗೆಗೆ ಟೊಪ್ಪಿಗೆ, ಚಳಿಗಾಲಕ್ಕೆ ಸ್ವೆಟರ್ ಮಾರುವವಳು ಮಾಯವ್ವ. ಹೋದ ವರ್ಷ ಯಾರೂ ಕೊಳ್ಳದೆ ಉಳಿದ ನಾಲ್ಕು ಜಾಕೆಟ್‌ಗಳು ಅವಳ ಗೋಡೆಯ ಮೇಲೆ ನೇತಾಡುತ್ತಿದ್ದವು. ಪಕ್ಕದ ಬಳೆ ಅಂಗಡಿಯ ಅನಸವ್ವ ದಿನವೂ ಅವನ್ನು ನೋಡಿ ಆಡಿಕೊಳ್ಳುತ್ತಿದ್ದಳು. "ಇವನ್ನ ಯಾವ ಕರಡಿಗೆ ತೊಡಸಾಕ ತಂದೀಬೇ?"

2012ರ ಡಿಸೆಂಬರಿನ ಆ ಮಧ್ಯಾಹ್ನ ಕರಡಿ ಬಂದಿತ್ತು.

ಮಾಯವ್ವ ಕೊನೆಗೂ ತಲೆ ಎತ್ತಿದಳು. ಕಣ್ಣಿಗೆ ಕಣ್ಣು ಕೂಡಿದವು. ಅವನ ನೋಟ ಅವಳ ಬರಿದಾದ ಹಣೆಯ ಮೇಲೆ ಒಂದು ಗಳಿಗೆ ನಿಂತು, ಗೋಡೆಯ ಕಡೆ ಸರಿಯಿತು.

"ಅಗ್ಗದಾಗ ಇದ್ರ ಛಲೋರಿ," ಎಂದ. "ನಾವು ಮುಧೋಳದ ಸಾಲಿ ಮಾಸ್ತರು ಏಳು ಮಂದಿ ಹಿಮಾಲಯಕ್ಕ ಹೊಂಟೇವಿ. ನಾಳೆ ಮುಂಜಾನೆ ಮೀರಜಕ್ಕ ಬಸ್ಸು, ಅಲ್ಲಿಂದ ರೈಲು. ಹದಿನೈದು ನೂರು ತಂದೇನ್ರಿ, ಅದರ ಒಳಗ ಆಗಬೇಕು."

ರೀ ಅಂದ. ಒಮ್ಮೆ 'ಮಾಯಾ' ಎಂದು ಕರೆಯುತ್ತಿದ್ದ ಬಾಯಿ ಅದೇ. ಜಗತ್ತಿನಲ್ಲಿ ಅವನೊಬ್ಬನೇ ಹಾಗೆ ಕರೆಯುತ್ತಿದ್ದ.

'ಗುರುತು ಹಿಡಿಯಾಕ ಮನಸಿಲ್ಲ ಅಂದ್ರ ಬ್ಯಾಡ,' ಎಂದುಕೊಂಡಳು. 'ನಾನೂ ಹಿಡಿಯಂಗಿಲ್ಲ.'

ಹಾಗೆ ಅಂದುಕೊಂಡರೇನು, ಎದೆಯೊಳಗೆ ಒಂದೇ ಒಂದು ಪ್ರಶ್ನೆ ಕುದಿಯುತ್ತಿತ್ತು. ಆ ಸೋಮವಾರ ಯಾಕೆ ಬರಲಿಲ್ಲ? ಇಷ್ಟು ವರ್ಷ ಆ ಪ್ರಶ್ನೆಯನ್ನು ಹೊತ್ತು ತಿರುಗಿದ್ದಳು. ನಾಳೆ ಅವನು ಹೋಗುತ್ತಾನೆ. ಕೇಳಿದರೆ ಈಗಲೇ ಕೇಳಬೇಕು, ಒಂದು ಜಾಕೆಟ್ ಆರಿಸುವಷ್ಟು ಹೊತ್ತಿನಲ್ಲಿ.

ಪರಮಾನಂದ ಮಿರಿಮಿರಿ ಮಿಂಚುವ ಕೆಂಪು ಜಾಕೆಟ್‌ಗೆ ಕೈ ಹಾಕಿದ. "ಇದು ಛಲೋ ಕಾಣತೈತ್ರಿ."

"ಕಾಣಾಕ ಛಲೋನ ಐತ್ರಿ." ಮಾಯವ್ವ ಅದನ್ನು ಕೆಳಗಿಳಿಸಿ ಬಟ್ಟೆಯನ್ನು ಬಾಯಿಗೆ ಹಿಡಿದಳು. "ಆ ಕಡೆ ಅಂಗೈ ಹಿಡೀರಿ."

ಅವನು ಹಿಡಿದ. ಅವಳು ಜೋರಾಗಿ ಊದಿದಳು. ಬಟ್ಟೆ ದಾಟಿ ಬಂದ ಬಿಸಿಯುಸಿರು ಅವನ ಅಂಗೈಗೆ ತಾಗಿತು. ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ನನ್ನ ಉಸಿರ ದಾಟತೈತಿ ಅಂದ್ರ ಗುಡ್ಡದ ಗಾಳಿ ಬಿಡತೈತೇನ್ರಿ?" ಎಂದಳು.

ಇದು ಅಪ್ಪ ಅಮಸಿದ್ದಪ್ಪ ಕಲಿಸಿದ ಪಾಠ. ಕುರಿ ಹಿಂಡಿನ ಜೊತೆ ಬಯಲಲ್ಲೇ ಮಲಗುತ್ತಿದ್ದ ಅವನಿಗೆ ಚಳಿಯ ಗುಣ ಗೊತ್ತಿದ್ದಷ್ಟು ಯಾವ ಜಾಕೆಟ್ ಕಂಪನಿಗೂ ಗೊತ್ತಿರಲಿಕ್ಕಿಲ್ಲ.

ಎರಡನೆಯದು ಹಾಸಿಗೆಯಷ್ಟು ದಪ್ಪಗಿತ್ತು.

"ಇದಾದ್ರ ಬೆಚ್ಚಗಿರತೈತ್ರಿ," ಎಂದ ಪರಮಾನಂದ.

"ಏರು ಏರೂಮುಂದ ಮೈ ಬೆವರತೈತಿ. ನಿಂತ ಕೂಡಲೇ ಅದ ಬೆವರು ಥಣ್ಣಗಾಗಿ ಎಲುಬಿಗೆ ಹತ್ತತೈತ್ರಿ. ಒಂದ ದಪ್ಪಂದಕ್ಕಿಂತ ಎರಡ ತೆಳ್ಳಂದು ಛಲೋ. ಒಳಗೊಂದು ಉಣ್ಣಿದು, ಮ್ಯಾಲೊಂದು ಗಾಳಿ ತಡಿಯೂದು."

"ನೀವು ಹಿಮ ನೋಡೀರೇನ್ರಿ?"

"ಕ್ಯಾಲೆಂಡರದಾಗ ನೋಡೇನ್ರಿ. ಒಬ್ಬರು ತೋರಿಸಿದ್ರು."

ಪರಮಾನಂದ ದಪ್ಪ ಜಾಕೆಟ್ಟನ್ನು ಮತ್ತೆ ಗೋಡೆಗೆ ತೂಗುಹಾಕಿದ.

ತೋರಿಸಿದವನು ಅವನೇ ಅಲ್ಲವೇ! ಬೀಳಗಿ ತಾಲೂಕಿನಲ್ಲಿ, ಹೊಳೆಯ ದಂಡೆಯ ಅವಳ ಹಳ್ಳಿ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಲಿತ್ತು. ಮನೆಗಳ ಅಳತೆ ತೆಗೆಯಲು ಬಂದವರ ಜೊತೆ ದಿನಗೂಲಿಯ ಮೇಲೆ ಬಂದಿದ್ದ ಹುಡುಗ ಅವನು, ಆಗಿನ್ನೂ ಮಾಸ್ತರಾಗಿರಲಿಲ್ಲ. ಅವಳ ಮನೆಯ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದಾಗ ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಗ್ವಾಡಿ ನಮ್ಮದು, ನಂಬರ ನಿಮ್ಮದೇನು?" ಎಂದು ಬೈದಿದ್ದಳು. ಬೈಸಿಕೊಂಡವನು ಮರುದಿನ ನೀರು ಕೇಳಲು ಬಂದ. ಅದರ ಮರುದಿನವೂ ಬಂದ. ಅಷ್ಟು ಬಾಯಾರಿಕೆ ಯಾವ ಮನುಷ್ಯನಿಗೂ ಆಗುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು.

ಅವನ ಅಳತೆ ಪುಸ್ತಕದ ರಟ್ಟಿಗೆ ಹಿಮದ ಬೆಟ್ಟದ ಚಿತ್ರವೊಂದು ಅಂಟಿತ್ತು. "ಯಾವ ಡ್ಯಾಮ್ ಕಟ್ಟಿದ್ರೂ ಇಲ್ಲಿಗೆ ನೀರು ಏರಂಗಿಲ್ಲ ನೋಡು ಮಾಯಾ," ಎಂದಿದ್ದ. "ಇಬ್ಬರೂ ಒಮ್ಮೆ ಹೋಗೂಣು."

ಬೀರಪ್ಪನ ಗುಡಿಯ ಮೆಟ್ಟಿಲ ಮೇಲೆ ಕೂತು ಆಡಿದ ಮಾತದು. ಅಲ್ಲೇ ಇನ್ನೊಂದು ಮಾತನ್ನೂ ಗಟ್ಟಿ ಮಾಡಿಕೊಂಡಿದ್ದರು. ಪಂಚಮಿ ಮುಗಿದ ಮೊದಲ ಸೋಮವಾರ ಬೀರಪ್ಪನ ಮುಂದೆ ಒಂದೇ ಕಂಬಳಿಯ ಮೇಲೆ ಇಬ್ಬರೂ ಕೂರುವುದು, ಆಮೇಲೆ ಹಿರಿಯರಿಗೆ ಹೇಳುವುದು. ಅವಳ ಮಂದಿಯಲ್ಲಿ ಕಂಬಳಿಯ ಮೇಲೆ ಕೂತು ಕೊಟ್ಟ ಮಾತನ್ನು ಯಾರೂ ತೆಗೆದು ಹಾಕುವಂತಿಲ್ಲ.

ಆ ಸೋಮವಾರ ಅವಳು ಬೀರಪ್ಪನ ಮುಂದೆ ಕಂಬಳಿ ಹಾಸಿ ಕುಳಿತಳು. ಮುಂಜಾನೆ ಕುಳಿತವಳು ಕುರಿಗಳು ಹಟ್ಟಿಗೆ ತಿರುಗುವವರೆಗೂ ಕುಳಿತಿದ್ದಳು. ಅವನು ಬರಲಿಲ್ಲ. ತಿಂಗಳು ತುಂಬುವುದರೊಳಗೆ ಸೋದರಮಾವನ ಮಗನಿಗೆ ಅವಳನ್ನು ಕೊಟ್ಟರು. ಬೇಡ ಅನ್ನಲು ಅವಳ ಹತ್ತಿರ ಯಾವ ಕಾರಣವೂ ಉಳಿದಿರಲಿಲ್ಲ...

"ಮನಿಯಾಕಿಗೊಂದು ಸ್ವೆಟರ್ ಬೇಕೇನ್ರಿ?" ಮೂರನೆಯ ಜಾಕೆಟ್ ಕೊಡುತ್ತ ಕೇಳಿದಳು. ಕೇಳಬಾರದಿತ್ತು, ಬಾಯಿ ತಡೆಯಲಿಲ್ಲ.

"ಮನ್ಯಾಗ ಅವ್ವ ಒಬ್ಬಾಕಿ ಅದಾಳ್ರಿ."

ಮಾಯವ್ವ ತಟ್ಟನೆ ಬೇರೆ ಕಡೆ ತಿರುಗಿದಳು. "ಕೈ ಮ್ಯಾಲ ಎತ್ರಿ ನೋಡೂಣು... ನಡಾ ಕಾಣತೈತಿ. ಗಿಡ್ಡ ಆತು, ಬ್ಯಾಡ."

ಉಳಿದದ್ದು ಒಂದೇ, ಕೆಸರಿನ ಬಣ್ಣದ್ದು. ಅದನ್ನು ಯಾರೂ ಮುಟ್ಟಿಯೂ ನೋಡಿರಲಿಲ್ಲ. ಮಾಯವ್ವ ಊದಿದಳು, ಉಸಿರು ದಾಟಲಿಲ್ಲ. ತೋಳನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟಳು, ಒಳಗಿನ ಹತ್ತಿ ಪುಟಿದು ಮತ್ತೆ ಉಬ್ಬಿತು. ತಂಬಿಗೆಯ ನೀರು ಚಿಮುಕಿಸಿದಳು, ಹನಿಗಳು ಜಾರಿ ಬಿದ್ದವು. ಪರಮಾನಂದ ತೊಟ್ಟ. ಒಳಗೆ ಸ್ವೆಟರ್ ಹಾಕಿಕೊಳ್ಳುವಷ್ಟು ಜಾಗವೂ ಇತ್ತು.

"ಬೆನ್ನಾಗ ಒಂಚೂರು ತೆಳ್ಳಗೈತಿ," ಎಂದು ಹೊಲಿಗೆ ನೋಡಲು ಬೆನ್ನ ಮೇಲೆ ಕೈಯಿಟ್ಟಳು.

ಇಟ್ಟ ಕೈ ಅಲ್ಲೇ ಉಳಿಯಿತು. ಅವನೂ ಅಲುಗಲಿಲ್ಲ.

"ಎಷ್ಟ್ರೀ?" ಎಂದ ಅವನು.

"ಹದಿಮೂರು ನೂರು."

ಮುಗಿಯಿತು. ವ್ಯಾಪಾರವೂ ಮುಗಿಯಿತು, ಹೊತ್ತೂ ಮುಗಿಯಿತು. ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಕೇಳಿ ಏನಾಗಬೇಕು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ!

ಅವಳಿಗೆ ಇದ್ದಕ್ಕಿದ್ದಂತೆ ರೋಷ ಬಂತು. ತಾನು ದಿನವೂ ಕೂರುವ ಮಣೆಯ ಮೇಲಿನ ಕಂಬಳಿಯನ್ನು ಎಳೆದಳು. ಕರಿಯ ಕಂಬಳಿ, ಕೆಂಪು ಅಂಚು. ಮಗಳ ಮದುವೆಗೆಂದು ಅಪ್ಪ ತನ್ನ ಕುರಿಗಳ ಉಣ್ಣೆ ಕೊಟ್ಟು ನೇಯಿಸಿದ್ದು. ಆ ಸೋಮವಾರ ಬೀರಪ್ಪನ ಮುಂದೆ ಹಾಸಿದ್ದೂ ಇದನ್ನೇ. ಗಂಡನ ಮನೆಗೆ ಹೋದಾಗಲೂ ಅದನ್ನು ಗಂಟಿನಿಂದ ಬಿಚ್ಚಿರಲಿಲ್ಲ.

"ಬಿಚ್ಚಿ ಕೊಡ್ರಿ ಜಾಕೀಟು. ಬೆನ್ನಿಗೊಂದು ಪದರ ಹಚ್ಚಿ ಕೊಡ್ತೇನಿ," ಎಂದು ಕತ್ತರಿ ಕೈಗೆ ತಗೊಂಡಳು.

'ಇವನಿಗಂತ ಇಟ್ಟದ್ದು, ಇವನ ಬೆನ್ನಿಗೇ ಹೋಗಲಿ. ಇವತ್ತಿಗೆ ಎಲ್ಲಾ ಮುಗಿದ ಹೋಗಲಿ.'

ಕತ್ತರಿ ಕೆಂಪು ಅಂಚನ್ನು ಕಚ್ಚಿತು.

"ಕತ್ತರಿಸಬ್ಯಾಡ, ಮಾಯಾ."

ಕತ್ತರಿ ನಿಂತಿತು. ಅವಳ ಕಣ್ಣು ತುಂಬಿ ಬಂದವು.

"ಮಾತು ಉಳಿಸಿಕೊಳ್ಳದವಗ ಕಂಬಳಿ ಚಿಂತಿ ಯಾಕ?" ಎಂದಳು. "ದಿನಪೂರ್ತಿ ಇದರ ಮ್ಯಾಲ ಒಬ್ಬಾಕಿನ ಕುಂತಿದ್ನಿ. ನೀ ಬರಲಿಲ್ಲ."

ಪರಮಾನಂದ ಅವಳನ್ನೇ ದಿಟ್ಟಿಸಿದ. "ನಾ ಬರಲಿಲ್ಲ? ನೀ ಬರಲಿಲ್ಲ ಮಾಯಾ. ಮುಂಜಾನಿಂದ ಹೊತ್ತು ಮುಣಗೂತನಕ ನಿಂತಿದ್ನಿ. ಮೊಣಕಾಲಮಟ ನೀರಾಗ."

"ನೀರಾಗ?"

"ಬೀರಪ್ಪನ ಗುಡ್ಯಾಗ. ನಾವು ಕೂಡ್ತಿದ್ದ ಪಾವಟಿಗಿ ಎಲ್ಲಾ ಮುಣಗಿದ್ವು. ಒಳಗ ದೇವರಿರಲಿಲ್ಲ, ಊರಾಗ ಒಂದು ನರಪಿಳ್ಳಿ ಇರಲಿಲ್ಲ. ನಿನಗ ಮನಸಿದ್ರ ಬರ್ತಿದ್ದಿ ಅನ್ಕೊಂಡ್ನಿ."

ಅವಳು ಕತ್ತರಿಯನ್ನು ಮಣೆಯ ಮೇಲೆ ಇಟ್ಟಳು.

"ದೇವರನ್ನ ಹಿಂದಿನ ದಿನ, ಆದಿತ್ಯವಾರನ ಒಯ್ದಿದ್ರು," ಎಂದಳು ಮೆಲ್ಲಗೆ. "ನೀರು ಏರಿತಂತ ಡೊಳ್ಳು ಬಾರಿಸಿಕೋತ ಸರಕಾರ ಕೊಟ್ಟ ಹೊಸ ಊರಿಗೆ ಒಯ್ದ್ರು. ದೇವರು ಎದ್ದು ಹೋದ ಮ್ಯಾಲ ಅಲ್ಲಿ ಉಳಿದದ್ದು ಬರೇ ಕಲ್ಲು. ಮಾತು ಕೊಡೂದು ಬೀರಪ್ಪನ ಮುಂದ ಇತ್ತು. ನಾ ದೇವರಿದ್ದಲ್ಲಿ ಕುಂತಿದ್ನಿ."

"ನಾ ನಾವು ಮಾತಾಡಿದಲ್ಲಿ ನಿಂತಿದ್ನಿ."

"ಹೊಸ ಗುಡಿ ಜಾಗಾಕ್ಕ ಗೂಟ ಬಡದವ ನೀನ ಅಲ್ಲೇನೋ? ನಿನಗ ಗೊತ್ತಿರತೈತಿ ಅನ್ಕೊಂಡ್ನಿ."

"ಗೂಟ ಬಡದಿದ್ನಿ ಖರೆ. ದೇವರು ಅಷ್ಟು ಲಗೂ ಹೋಗ್ತಾನಂತ ನನಗೇನು ಗೊತ್ತು?"

ಹಳೆಯ ಗುಡಿಗೂ ಹೊಸ ಗುಡಿಗೂ ನಡುವೆ ಮೂರು ಮೈಲಿ. ಅವನು ನೀರಲ್ಲಿ ನಿಂತಿದ್ದ, ಅವಳು ಕಂಬಳಿಯ ಮೇಲೆ ಕೂತಿದ್ದಳು, ಒಂದೇ ದಿನ, ಒಬ್ಬರಿಗಾಗಿ ಒಬ್ಬರು. ಇಬ್ಬರಲ್ಲಿ ಒಬ್ಬರು ಎದ್ದು ಮೂರು ಮೈಲಿ ನಡೆದಿದ್ದರೆ ಸಾಕಿತ್ತು. ಪ್ರೀತಿಸಿದವರ ಬುದ್ಧಿಯೇ ಹೀಗೆ ನೋಡಿ. ಕಾಯುವುದರಲ್ಲಿ ಗಟ್ಟಿ, ಕೇಳುವುದರಲ್ಲಿ ಹೇಡಿ.

"ತಿಂಗಳಾದ ಮ್ಯಾಲ ಹೊಸ ಊರಿಗೆ ಬಂದಿದ್ನಿ," ಎಂದ ಪರಮಾನಂದ. "ನಿಮ್ಮ ಮನಿ ಮುಂದಿನ ಮದವಿ ಹಂದರ ಇನ್ನೂ ಬಿಚ್ಚಿರಲಿಲ್ಲ. ಯಾರನ್ನೂ ಮಾತಾಡಸದ ಹಂಗ ತಿರುಗಿ ಹೋದ್ನಿ."

ಮಾಯವ್ವ ಕಂಬಳಿಯಲ್ಲಿ ಮುಖ ಹುದುಗಿಸಿ ಅತ್ತಳು. ಗಂಡ ಸತ್ತ ದಿನ ಅಷ್ಟು ಅತ್ತಿರಲಿಲ್ಲ. ಆ ಮನುಷ್ಯ ಕೆಟ್ಟವನೇನಲ್ಲ, ಏಳು ವರ್ಷ ಒಂದು ಮಾತೂ ಬೈಯದೆ ಬಾಳಿಸಿದ್ದ. ಅವನಿಗೂ ತಾನು ಪೂರ್ತಿ ಸಿಗಲಿಲ್ಲವಲ್ಲ ಎಂಬ ದುಃಖವೂ ಈ ಅಳುವಿನಲ್ಲಿ ಕೂಡಿಕೊಂಡಿತು.

ಸದ್ದು ಕೇಳಿ ಅನಸವ್ವ ಇಣುಕಿದಳು. "ಏನಾತಬೇ? ಜಾಕೀಟು ಮಾರಾಟಾತಿಲ್ಲೋ?"

"ಮಾರಾಟಾತು..."

"ಮಾರಿದ್ರ ಅಳಾಕತ್ತೀ ಯಾಕ?" ಎಂದ ಅನಸವ್ವ ಗಿರಾಕಿಯ ಮುಖ ನೋಡಿದಳು. ಅವನ ಕಣ್ಣೂ ಒದ್ದೆ. ಅವಳು ಮತ್ತೇನೂ ಕೇಳದೆ ತನ್ನ ಬಳೆಗಳ ಕಡೆ ನಡೆದಳು.

"ಹಿಮಾಲಯಕ್ಕ ಯಾಕ ಹೊಂಟಿ?" ಮಾಯವ್ವ ಕೇಳಿದಳು.

"ಇಬ್ಬರೂ ಹೋಗೂದಿತ್ತಲ್ಲ. ನೀ ಸಿಗಲಿಲ್ಲ. ಒಬ್ಬನರ ಹೋಗಿ ನೋಡಿ, ಆ ಆಶಾ ಅಲ್ಲೇ ಬಿಟ್ಟು ಬರೂಣಂತ." ಅವಳ ಮುಖ ನೋಡಿ ಹೇಳಿದ, "ಈಗ ನೀ ಬ್ಯಾಡ ಅಂದ್ರ ಹೋಗೂದಿಲ್ಲ."

ಮಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಪಾಟಿನಿಂದ ಉಣ್ಣೆಯ ಸ್ವೆಟರ್ ತೆಗೆದುಕೊಟ್ಟಳು. ಅವನು ಅದನ್ನು ತೊಟ್ಟ ಮೇಲೆ, ಕೆಸರು ಬಣ್ಣದ ಜಾಕೆಟ್ ಮೇಲೆ ತೊಡಿಸಿ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದಳು.

"ಹೋಗು. ನನ್ನ ಪಾಲಿಂದೂ ನೋಡಿ ಬಾ. ಏನನ್ನೂ ಅಲ್ಲಿ ಬಿಟ್ಟು ಬರಬ್ಯಾಡ."

ಅವನು ಮೆಟ್ಟಿಲವರೆಗೆ ಹೋಗಿ ನಿಂತ. ಮುಖದಲ್ಲಿ ಹೆದರಿಕೆಯಿತ್ತು.

"ಹದಿನೈದು ದಿನಕ್ಕ ತಿರುಗಿ ಬರ್ತೇನಿ. ಎಲ್ಲಿ ಬರಲಿ? ಈ ಸಲ ಸರಿಯಾಗಿ ಹೇಳು ಮಾಯಾ."

ಮಾಯವ್ವ ಕಂಬಳಿಯನ್ನು ಅಂಗಡಿಯ ನಡುವೆ ಹಾಸಿದಳು. ಅಂಚಿನಲ್ಲಿ ಕತ್ತರಿಯ ಗಾಯವೊಂದು ಬೆರಳಗಲ ಬಾಯಿ ಬಿಟ್ಟಿತ್ತು. ಅರ್ಧ ಜಾಗ ಬಿಟ್ಟು ಕುಳಿತಳು.

"ಇಲ್ಲೇ."

"ನೀ ಅಂಗಡಿ ಬ್ಯಾರೆ ಕಡೆ ಮಾಡಿದ್ರ?"

"ಅಂಗಡಿ ಹೋದ್ರ ಹೋಗಲಿ. ದೇವರು ಎದ್ದು ಹೋದ್ರೂ ನಾ ಏಳಂಗಿಲ್ಲ."

ಪರಮಾನಂದ ಬೀದಿಯನ್ನೊಮ್ಮೆ ನೋಡಿದ. ಆಮೇಲೆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕಂಬಳಿಯ ಉಳಿದರ್ಧದ ಮೇಲೆ ಕುಳಿತ, ಜಾಕೆಟ್ ತೊಟ್ಟುಕೊಂಡೇ.

ಹೊರಗೆ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಅವನ ಹಣೆಯ ಮೇಲೆ ಬೆವರು ಇಳಿಯುತ್ತಿತ್ತು.

"ಬೆವರಾಕತ್ತೀ," ಎಂದಳು ಮಾಯವ್ವ. "ಅದನ್ನರ ತಗೀ."

"ಇರಲಿ ಬಿಡು," ಎಂದ ಅವನು. "ಹನ್ನೆರಡು ವರ್ಷದ ಥಂಡಿ ಐತಿ."